ಬೇಸಿಗೆ ರಜೆಯಲ್ಲಿ ಮೇಷ್ಟ್ರ ಪಾಠಶಾಲೆ

ಕರ್ನಾಟಕದ ಸರ್ಕಾರಿ ಶಾಲೆಗಳಿಗೆ ಏಪ್ರಿಲ್ ಎರಡನೆಯ ವಾರದಿಂದ ಮೇ ತಿಂಗಳ ಕೊನೆಯವರೆಗೆ ಬೇಸಿಗೆ ರಜೆ. ಹತ್ತಿರ ಹತ್ತಿರ ಏಳು ವಾರ. ಮಕ್ಕಳಿಗೆ ಇದು ಅಜ್ಜಿಮನೆ, ಮಾವಿನಕಾಯಿ, ಊರಹಬ್ಬ. ಶಿಕ್ಷಕರಿಗೆ ಇದೇ ಅವಧಿ ಸೇವಾನಿರತ ತರಬೇತಿಯ ಕಾಲವೂ ಹೌದು. ಸರ್ಕಾರಿ ನಿಯಮಗಳ ಪ್ರಕಾರ ಶಾಲಾ ಶಿಕ್ಷಕರು ದೀರ್ಘ ರಜೆಯ ಸೌಲಭ್ಯವಿರುವ ನೌಕರರು. ಆ ರಜೆಯಲ್ಲಿ ಅವರನ್ನು ಕರ್ತವ್ಯಕ್ಕೆ ಕರೆದರೆ ಅದಕ್ಕೆ ಬದಲಾಗಿ ಗಳಿಕೆ ರಜೆ ಜಮೆಯಾಗಬೇಕು. ತರಬೇತಿಯ ಸುತ್ತೋಲೆ ಬಂದ ದಿನ ಶಿಕ್ಷಕರ ಕೊಠಡಿಯಲ್ಲಿ ಮೊದಲು ಏಳುವ ಪ್ರಶ್ನೆ ಈ ಗಳಿಕೆ ರಜೆಯದ್ದು, ಎರಡನೆಯದು ಟಿಎ-ಡಿಎಯದ್ದು. ಇದನ್ನು ಕೇಳಿ ನಗುವವರಿದ್ದಾರೆ. ಬಿಸಿಲಲ್ಲಿ ಬಸ್ಸು ಹತ್ತಿ ಐದು ದಿನ ಹೋಗಿ ಬರುವವರು ಬಸ್ ಚಾರ್ಜು ಕೇಳುವುದರಲ್ಲಿ ತಪ್ಪೇನೂ ಇಲ್ಲ. ವಿಚಾರ ಮಾಡಬೇಕಾದ ಸಂಗತಿ ಬೇರೆಯೇ ಇದೆ: ಹೀಗೆ ಗೊಣಗುತ್ತ ಹೋದ ಶಿಕ್ಷಕರಲ್ಲಿ ಕೆಲವರು ಜೂನ್‌ನಲ್ಲಿ ಬೇರೆಯೇ ಹುರುಪಿನಿಂದ ತರಗತಿಗೆ ಬರುತ್ತಾರೆ. ಇನ್ನು ಕೆಲವು ತರಬೇತಿಗಳಿಂದ ಬಂದವರ ಬಳಿ ಹಾಜರಾತಿ ಪ್ರಮಾಣಪತ್ರವೊಂದು ಬಿಟ್ಟರೆ ಬೇರೇನೂ ಇರುವುದಿಲ್ಲ.

ಚನ್ನರಾಯಪಟ್ಟಣ ತಾಲ್ಲೂಕಿನ ಹಳ್ಳಿ ಶಾಲೆಯೊಂದರ ಶಿಕ್ಷಕರಿಗೆ ತರಬೇತಿಯ ದಾರಿ ಹಂತಹಂತವಾಗಿ ಮೇಲೇರುತ್ತದೆ. ಮೊದಲು ಹತ್ತಾರು ಶಾಲೆಗಳಿಗೆ ಒಂದರಂತೆ ಇರುವ ಸಮೂಹ ಸಂಪನ್ಮೂಲ ಕೇಂದ್ರ, ಅಂದರೆ ಸಿಆರ್‌ಸಿ. ಅದರ ಮೇಲೆ ತಾಲ್ಲೂಕು ಕೇಂದ್ರದ ಕ್ಷೇತ್ರ ಸಂಪನ್ಮೂಲ ಕೇಂದ್ರ, ಅಂದರೆ ಬಿಆರ್‌ಸಿ. ಅಲ್ಲಿಂದ ಹಾಸನದ ಜಿಲ್ಲಾ ಶಿಕ್ಷಣ ಮತ್ತು ತರಬೇತಿ ಸಂಸ್ಥೆ. ಎಲ್ಲರ ಬಾಯಲ್ಲಿ ಅದು ‘ಡಯಟ್’. ಇಡೀ ರಾಜ್ಯದ ತರಬೇತಿಗಳನ್ನು ರೂಪಿಸುವುದು ಬೆಂಗಳೂರಿನಲ್ಲಿರುವ ರಾಜ್ಯ ಶಿಕ್ಷಣ ಸಂಶೋಧನೆ ಮತ್ತು ತರಬೇತಿ ಇಲಾಖೆ, ಅಂದರೆ ಡಿಎಸ್‌ಇಆರ್‌ಟಿ, ಸ್ಥಾಪನೆ 1975ರಲ್ಲಿ. ದಕ್ಷಿಣದ ರಾಜ್ಯಗಳಿಗೆಲ್ಲ ಸೇರಿ ಮೈಸೂರಿನಲ್ಲಿ ಪ್ರಾದೇಶಿಕ ಶಿಕ್ಷಣ ಸಂಸ್ಥೆಯೂ ಇದೆ. ಹಿರೀಸಾವೆಯ ಕಡೆಯಿಂದಲೋ ಬಾಗೂರಿನ ಕಡೆಯಿಂದಲೋ ಬಂದ ಶಿಕ್ಷಕಿಯೊಬ್ಬರು ತಮ್ಮ ಸೇವಾವಧಿಯಲ್ಲಿ ಈ ಮೆಟ್ಟಿಲುಗಳಲ್ಲಿ ಬಹುಪಾಲನ್ನು ಹತ್ತಿ ಇಳಿದಿರುತ್ತಾರೆ. ಆದರೆ ಅವರನ್ನು ಬದಲಿಸಿದ ತರಬೇತಿ ಯಾವುದು ಎಂದು ಕೇಳಿದರೆ ಒಂದನ್ನೋ ಎರಡನ್ನೋ ಮಾತ್ರ ಹೆಸರಿಸುತ್ತಾರೆ.

ಹುರುಪು ಕುಂದುವುದಕ್ಕೆ ಕಾರಣ ಹುಡುಕಲು ಹೆಚ್ಚು ದೂರ ಹೋಗಬೇಕಿಲ್ಲ. ಸಣ್ಣ ಕಿರಿಯ ಪ್ರಾಥಮಿಕ ಶಾಲೆಯಲ್ಲಿ ಇಬ್ಬರು ಶಿಕ್ಷಕರು, ಐದು ತರಗತಿ. ಕೆಲವೆಡೆ ಒಬ್ಬರೇ. ಬೆಳಿಗ್ಗೆ ಕ್ಷೀರಭಾಗ್ಯದ ಹಾಲು, ಮಧ್ಯಾಹ್ನ ಅಕ್ಷರ ದಾಸೋಹದ ಊಟ, ಮೊಟ್ಟೆ-ಬಾಳೆಹಣ್ಣಿನ ಲೆಕ್ಕ, ಸಮವಸ್ತ್ರದ ವಿತರಣೆ, ಕಂಪ್ಯೂಟರಿನಲ್ಲಿ ತುಂಬಬೇಕಾದ ಮಾಹಿತಿ. ಪಾಠ ಇವೆಲ್ಲದರ ಸಂದಿಯಲ್ಲಿ ನಡೆಯುತ್ತದೆ. ವೈದ್ಯರಿಗೆ, ವಕೀಲರಿಗೆ ತಮ್ಮದೇ ವೃತ್ತಿಯವರ ಒಡನಾಟ ದಿನವೂ ಸಿಗುತ್ತದೆ. ಹಳ್ಳಿ ಮೇಷ್ಟ್ರಿಗೆ ಭಿನ್ನರಾಶಿಯನ್ನು ಹೇಗೆ ಹೇಳಿಕೊಟ್ಟರೆ ಮಕ್ಕಳಿಗೆ ಹಿಡಿಯುತ್ತದೆ ಎಂದು ಮಾತಾಡಲು ಇನ್ನೊಬ್ಬರು ಸಿಗುವುದು ಅಪರೂಪ. ಹತ್ತು ಹದಿನೈದು ವರ್ಷ ಅದೇ ಪಾಠವನ್ನು ಒಬ್ಬರೇ ಮಾಡುತ್ತ ಹೋದರೆ, ಪಾಠ ಬಾಯಿಪಾಠವಾಗುತ್ತದೆ, ಮಾಡುವವರಿಗೂ, ಕೇಳುವವರಿಗೂ.

ರಜೆಯಲ್ಲಿ ಶಿಕ್ಷಕರಿಗೇ ಪಾಠ ಹೇಳಬೇಕೆಂಬ ಯೋಚನೆ ಭಾರತದಲ್ಲಿ ದೊಡ್ಡ ಪ್ರಮಾಣದಲ್ಲಿ ಬೆಳೆದದ್ದು 1960ರ ದಶಕದಲ್ಲಿ. ಅದರ ಹಿಂದೆ ಒಂದು ಅಂತರರಾಷ್ಟ್ರೀಯ ಕಥೆ ಇದೆ. 1957ರ ಅಕ್ಟೋಬರ್ 4ರಂದು ಸೋವಿಯತ್ ಒಕ್ಕೂಟ ಸ್ಪುಟ್ನಿಕ್ ಹಾರಿಸಿದಾಗ ಅಮೆರಿಕ ಬೆಚ್ಚಿ, ತನ್ನ ಶಾಲೆಗಳ ವಿಜ್ಞಾನ ಪಾಠದ ಕಡೆ ತಿರುಗಿತು. ವಿಶ್ವವಿದ್ಯಾಲಯಗಳಲ್ಲಿ ಪ್ರೌಢಶಾಲಾ ಶಿಕ್ಷಕರ ಬೇಸಿಗೆ ಶಿಬಿರಗಳಿಗೆ ಹಣ ಸುರಿಯಿತು. ಅದೇ ಮಾದರಿಯ ಶಿಬಿರಗಳು 1963ರಿಂದ ಅಮೆರಿಕದ ನೆರವಿನಲ್ಲಿ ಭಾರತದಲ್ಲೂ ನಡೆದವು. 1964ರಿಂದ 1966ರವರೆಗೆ ಕೆಲಸ ಮಾಡಿದ ಕೊಠಾರಿ ಆಯೋಗ ಪ್ರತಿ ಶಿಕ್ಷಕರಿಗೂ ಐದು ವರ್ಷಕ್ಕೊಮ್ಮೆ ಎರಡು ಮೂರು ತಿಂಗಳ ಸೇವಾನಿರತ ಶಿಕ್ಷಣ ಸಿಗಬೇಕೆಂದು ಹೇಳಿತು. ಆ ಶಿಫಾರಸು ಇವತ್ತಿಗೂ ಪೂರ್ತಿ ಜಾರಿಯಾಗಿಲ್ಲ. 1986ರ ರಾಷ್ಟ್ರೀಯ ಶಿಕ್ಷಣ ನೀತಿಯ ಬೆನ್ನಿಗೇ ವರ್ಷಕ್ಕೆ ಐದು ಲಕ್ಷ ಶಿಕ್ಷಕರನ್ನು ಮುಟ್ಟುವ ಗುರಿಯ ಸಾಮೂಹಿಕ ತರಬೇತಿ ಶುರುವಾಯಿತು. ಜಿಲ್ಲೆಗೊಂದು ಡಯಟ್ ಎಂಬ ಯೋಜನೆಯೂ ಆ ನೀತಿಯದೇ ಫಲ. 1996ರ ಜನವರಿಯಲ್ಲಿ ಕರ್ನಾಟಕದ 20 ಕೇಂದ್ರಗಳಲ್ಲಿ ಸುಮಾರು 850 ಪ್ರಾಥಮಿಕ ಶಿಕ್ಷಕರನ್ನು ಟಿವಿ ಮುಂದೆ ಕೂರಿಸಿ, ಉಪಗ್ರಹದ ಮೂಲಕ ಏಳು ದಿನ ತರಬೇತಿ ಕೊಟ್ಟ ಪ್ರಯೋಗವೂ ನಡೆಯಿತು. ಚಿತ್ರ ಒಂದೇ ಕಡೆಯಿಂದ, ಮಾತು ಎರಡೂ ಕಡೆಯಿಂದ. ಆ ಕಾಲಕ್ಕೆ ಅದು ದೊಡ್ಡ ಸುದ್ದಿ.

ಶಿಕ್ಷಕರಲ್ಲಿ ಹೊಸ ಉತ್ಸಾಹ ಹುಟ್ಟುವುದು ಹೇಗೆ ಎಂಬುದಕ್ಕೆ ಕರ್ನಾಟಕದ ಅತ್ಯುತ್ತಮ ಉದಾಹರಣೆ ಮಾತ್ರ ಉಪಗ್ರಹದಿಂದ ಬಂದದ್ದಲ್ಲ. ಕಾಡಂಚಿನ ತಾಲ್ಲೂಕೊಂದರಿಂದ ಬಂದದ್ದು. ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆಯ ಕೆಲವು ಪ್ರಾಥಮಿಕ ಶಾಲಾ ಶಿಕ್ಷಕರು 1995ರಲ್ಲಿ ಯುನಿಸೆಫ್ ನೆರವಿನಿಂದ ಆಂಧ್ರದ ಮದನಪಲ್ಲಿ ಬಳಿಯ ರಿಷಿವ್ಯಾಲಿಗೆ ಹೋದರು. ಜಿಡ್ಡು ಕೃಷ್ಣಮೂರ್ತಿಯವರ ಚಿಂತನೆಯಲ್ಲಿ ಬೆಳೆದ ಆ ಸಂಸ್ಥೆಯ ಗ್ರಾಮೀಣ ಶಿಕ್ಷಣ ಕೇಂದ್ರ ಸುತ್ತಲ ಹಳ್ಳಿಗಳಲ್ಲಿ ಸಣ್ಣ ಶಾಲೆಗಳನ್ನು ನಡೆಸುತ್ತಿತ್ತು. ಅಲ್ಲಿ ಒಂದೇ ಕೋಣೆಯಲ್ಲಿ ಬೇರೆ ಬೇರೆ ವಯಸ್ಸಿನ ಮಕ್ಕಳು ಕಾರ್ಡುಗಳನ್ನು ಹಿಡಿದು ತಮ್ಮ ತಮ್ಮ ವೇಗದಲ್ಲಿ ಕಲಿಯುತ್ತಿದ್ದರು. ಒಬ್ಬ ಶಿಕ್ಷಕ, ಹಲವು ತರಗತಿ ಎಂಬ ಹೆಗ್ಗಡದೇವನಕೋಟೆ ತಾಲ್ಲೂಕಿನ ದಿನನಿತ್ಯದ ಪಾಡಿಗೆ ಅಲ್ಲೊಂದು ದಾರಿ ಕಾಣಿಸಿತು.

ಆಮೇಲೆ ನಡೆದದ್ದು ಇನ್ನೂ ಮುಖ್ಯ. ಮರಳಿ ಬಂದ ಶಿಕ್ಷಕರು ತೆಲುಗಿನ ಕಾರ್ಡುಗಳನ್ನು ಹಾಗೇ ಕನ್ನಡಕ್ಕೆ ಇಳಿಸಲಿಲ್ಲ. ಕಾರ್ಯಾಗಾರಗಳಲ್ಲಿ ಕೂತು, ತಮ್ಮ ಪಠ್ಯವನ್ನು ಬಿಡಿಸಿ, ತಾವೇ ಕಾರ್ಡು ಬರೆದರು, ಚಿತ್ರ ಹಾಕಿದರು, ತರಗತಿಯಲ್ಲಿ ಪ್ರಯೋಗಿಸಿ ಮತ್ತೆ ತಿದ್ದಿದರು. ಹೀಗೆ ಹುಟ್ಟಿದ ‘ನಲಿ-ಕಲಿ’ 2009-10ರಲ್ಲಿ ರಾಜ್ಯದ ಸರ್ಕಾರಿ ಕನ್ನಡ ಶಾಲೆಗಳ ಕೆಳತರಗತಿಗಳಿಗೆಲ್ಲ ಬಂತು. ನೆಲಮಟ್ಟದ ಕರಿಹಲಗೆ, ತಲೆಮೇಲೆ ಮಕ್ಕಳ ಚಿತ್ರಗಳು ತೂಗುವ ಕಲಿಕಾ ಚಪ್ಪರ, ಗೋಡೆಯ ಮೇಲೆ ಕಲಿಕಾ ಏಣಿ, ಶಿಕ್ಷಕರ ನೆರವು ಎಷ್ಟು ಬೇಕೆಂಬುದರ ಮೇಲೆ ಕೂರುವ ಐದು ಗುಂಪುಗಳು: ಇವತ್ತು ಚನ್ನರಾಯಪಟ್ಟಣದ ಯಾವ ಸರ್ಕಾರಿ ಶಾಲೆಗೆ ಹೋದರೂ ಒಂದರಿಂದ ಮೂರನೇ ತರಗತಿಯ ಕೋಣೆಯಲ್ಲಿ ಕಣ್ಣಿಗೆ ಬೀಳುವ ಸಾಮಗ್ರಿ ಇದೇ.

ಈ ಪದ್ಧತಿಗೆ ತರಬೇತಿ ಪಡೆದ ಹಿರಿಯ ಶಿಕ್ಷಕರಿಗೆ ಮೊದಲ ಆಘಾತ ಅಕ್ಷರಮಾಲೆಯದ್ದು. ಅ ಆ ಇ ಈ ಎಂದು ಇಪ್ಪತ್ತು ವರ್ಷ ತಿದ್ದಿಸಿದವರ ಮುಂದೆ ರ, ಗ, ಸ, ದ, ಅ ಎಂಬ ಐದು ಅಕ್ಷರಗಳನ್ನು ಮೊದಲ ಹೆಜ್ಜೆಯಾಗಿ ಇಡಲಾಯಿತು. ಬರೆಯಲು ಸುಲಭವಾದ, ಒಂದಕ್ಕೊಂದು ಹೋಲುವ, ಕೂಡಿಸಿದರೆ ತಕ್ಷಣ ಮಾತಾಗುವ ಅಕ್ಷರಗಳು. ಐದೇ ಅಕ್ಷರ ಕಲಿತ ಮಗು ಸರ, ದರ, ಅರಸ, ಅಗಸ, ಗರಗಸ ಎಂದು ಓದಿಬಿಡುತ್ತದೆ. ಐವತ್ತು ಅಕ್ಷರ ಮುಗಿಯುವವರೆಗೆ ಕಾಯಬೇಕಿಲ್ಲ. ಇಷ್ಟು ಸರಳ ಸಂಗತಿ ಇಷ್ಟು ವರ್ಷ ಹೊಳೆದಿರಲಿಲ್ಲವಲ್ಲ ಎಂದು ಅನ್ನಿಸುವಂತೆ ಮಾಡುವ ತರಬೇತಿಯೇ ನಿಜವಾದ ತರಬೇತಿ. ಅದು ಶಿಕ್ಷಕರಿಗೆ ಉಪದೇಶ ಮಾಡುವುದಿಲ್ಲ. ಅವರಿಗೆ ಚೆನ್ನಾಗಿ ಗೊತ್ತಿದ್ದ ವಸ್ತುವನ್ನೇ ಬೇರೆ ಕಡೆಯಿಂದ ತೋರಿಸುತ್ತದೆ.

ಅದೇ ನಲಿ-ಕಲಿಯ ಮುಂದಿನ ಚರಿತ್ರೆಯಲ್ಲಿ ಎಚ್ಚರಿಕೆಯೂ ಇದೆ. ಹೆಗ್ಗಡದೇವನಕೋಟೆಯ ಶಿಕ್ಷಕರು ಕಾರ್ಡು ಮಾಡಿದವರು. ರಾಜ್ಯದ ಉಳಿದ ಶಿಕ್ಷಕರು ಮುದ್ರಿತ ಕಾರ್ಡಿನ ಪೆಟ್ಟಿಗೆಯನ್ನು ಪಡೆದವರು. ಮಾಡಿದವರಿಗೆ ಪ್ರತಿ ಕಾರ್ಡಿನ ಹಿಂದಿನ ಕಾರಣ ಗೊತ್ತಿತ್ತು. ಪಡೆದವರಿಗೆ ಸಿಕ್ಕದ್ದು ಆದೇಶ, ಕೈಪಿಡಿ ಮತ್ತು ಕೆಲವು ದಿನಗಳ ತರಬೇತಿ. ಹಾಗಾಗಿ ಒಂದೇ ಸಾಮಗ್ರಿ ಕೆಲವು ಕೋಣೆಗಳಲ್ಲಿ ಜೀವಂತವಾಗಿದೆ, ಕೆಲವು ಕೋಣೆಗಳಲ್ಲಿ ಚಪ್ಪರದ ಚಿತ್ರಗಳು ದೂಳು ಹಿಡಿದಿವೆ.

ಹೀಗೆ ಸತ್ವ ಸೋರುವುದಕ್ಕೆ ದೊಡ್ಡ ಕಾರಣ ತರಬೇತಿ ಇಳಿಯುವ ಕ್ರಮದಲ್ಲೇ ಇದೆ. ರಾಜ್ಯಮಟ್ಟದಲ್ಲಿ ಕೆಲವರಿಗೆ ತರಬೇತಿ, ಅವರು ಜಿಲ್ಲೆಯ ಸಂಪನ್ಮೂಲ ವ್ಯಕ್ತಿಗಳಿಗೆ ಹೇಳುತ್ತಾರೆ, ಅವರು ತಾಲ್ಲೂಕಿನವರಿಗೆ, ತಾಲ್ಲೂಕಿನವರು ಶಿಕ್ಷಕರಿಗೆ. ಲಕ್ಷಾಂತರ ಶಿಕ್ಷಕರಿರುವ ರಾಜ್ಯದಲ್ಲಿ ಬೇರೆ ದಾರಿ ಕಷ್ಟ, ನಿಜ. ಆದರೆ ಬೆಂಗಳೂರಿನಲ್ಲಿ ಐದು ದಿನ ಚರ್ಚೆಯಾಗಿ ರೂಪುಗೊಂಡ ವಿಚಾರ ಬಿಆರ್‌ಸಿ ಸಭಾಂಗಣಕ್ಕೆ ಬರುವಷ್ಟರಲ್ಲಿ ಸ್ಲೈಡುಗಳ ಓದಾಗಿರುತ್ತದೆ. ಪ್ರಶ್ನೆ ಕೇಳಿದರೆ ‘ಮೇಲಿನಿಂದ ಬಂದದ್ದು ಇಷ್ಟೇ’ ಎಂಬ ಉತ್ತರ. ನಾಲ್ಕು ಗುಂಪು, ಡ್ರಾಯಿಂಗ್ ಶೀಟು, ಸ್ಕೆಚ್ ಪೆನ್ನು, ಗುಂಪಿನ ನಾಯಕರಿಂದ ಮಂಡನೆ, ಚಪ್ಪಾಳೆ, ಊಟ. ಸಂಜೆ ಹಿಮ್ಮಾಹಿತಿ ನಮೂನೆಯಲ್ಲಿ ಎಲ್ಲರೂ ‘ಉತ್ತಮವಾಗಿತ್ತು’ ಎಂದು ಬರೆಯುತ್ತಾರೆ. ಕನ್ನಡನಾಡಿನ ಯಾವ ತಾಲ್ಲೂಕಿನ ಶಿಕ್ಷಕರಿಗೂ ಈ ದೃಶ್ಯವನ್ನು ವಿವರಿಸಿ ಹೇಳಬೇಕಾಗಿಲ್ಲ.

ಇದಕ್ಕೆ ತದ್ವಿರುದ್ಧವಾದ ಅನುಭವ ವಸತಿಸಹಿತ ಶಿಬಿರಗಳದ್ದು. ಬೆಂಗಳೂರಿನ ಜ್ಞಾನಭಾರತಿ ಆವರಣದಲ್ಲಿ ದಕ್ಷಿಣ ಭಾರತದ ಪ್ರಾದೇಶಿಕ ಇಂಗ್ಲಿಷ್ ಸಂಸ್ಥೆ ಇದೆ. 1963ರಲ್ಲಿ ಆರಂಭವಾದ ಈ ಸಂಸ್ಥೆ ಸರ್ಕಾರಿ ಶಾಲಾ ಶಿಕ್ಷಕರಿಗೆ 30 ದಿನಗಳ ಪ್ರಮಾಣಪತ್ರ ಕೋರ್ಸು ನಡೆಸುತ್ತದೆ. ಇದು ಬೇಸಿಗೆಗೆ ಸೀಮಿತವಲ್ಲ, ವರ್ಷವಿಡೀ ತಂಡತಂಡವಾಗಿ ನಡೆಯುತ್ತದೆ. ಕರ್ನಾಟಕದ ಸರ್ಕಾರಿ ಶಾಲೆಗಳಲ್ಲಿ 2007ರಿಂದ ಒಂದನೇ ತರಗತಿಯಲ್ಲೇ ಇಂಗ್ಲಿಷ್ ಬಂದಾಗ, ಕನ್ನಡ ಮಾಧ್ಯಮದಲ್ಲೇ ಓದಿ ಶಿಕ್ಷಕರಾದವರು ಹಠಾತ್ತನೆ ಇಂಗ್ಲಿಷ್ ಮೇಷ್ಟ್ರೂ ಆಗಬೇಕಾಯಿತು. ಅವರ ಭಯ ವ್ಯಾಕರಣದ್ದಲ್ಲ, ಬಾಯಿ ಬಿಡುವುದರದ್ದು. ಒಂದು ತಿಂಗಳು ಮನೆ ಬಿಟ್ಟು, ತಮ್ಮಂತೆಯೇ ತಡವರಿಸುವ ಇತರ ಜಿಲ್ಲೆಗಳವರ ಜೊತೆ ಹಾಸ್ಟೆಲಿನಲ್ಲಿದ್ದು, ಉಚ್ಚಾರ ಕಲಿತು, ಸಹೋದ್ಯೋಗಿಗಳ ಮುಂದೆ ಮಾದರಿ ಪಾಠ ಮಾಡಿ ಬೈಸಿಕೊಂಡು ತಿದ್ದಿಕೊಂಡಾಗ ಆ ಭಯ ಕಡಿಮೆಯಾಗುತ್ತದೆ. ಜೊತೆಗೆ ಇನ್ನೊಂದು ಲಾಭವಿದೆ, ಯಾವ ಪಠ್ಯಕ್ರಮದಲ್ಲೂ ಬರೆಯದ್ದು: ತರಗತಿಯಲ್ಲಿ ಉತ್ತರ ಗೊತ್ತಿದ್ದೂ ಎದ್ದು ನಿಲ್ಲಲು ಹೆದರುವ ಮಗುವಿನ ಪಾಡು ಏನೆಂದು ಶಿಕ್ಷಕರಿಗೆ ಮತ್ತೆ ನೆನಪಾಗುತ್ತದೆ.

ವಿಜ್ಞಾನದವರಿಗೆ ಚಳ್ಳಕೆರೆ ಇದೆ. ಚಿತ್ರದುರ್ಗ ಜಿಲ್ಲೆಯ ಕುದಾಪುರದಲ್ಲಿರುವ ಭಾರತೀಯ ವಿಜ್ಞಾನ ಸಂಸ್ಥೆಯ ಎರಡನೇ ಆವರಣದ ಪ್ರತಿಭಾ ವಿಕಾಸ ಕೇಂದ್ರ ಪ್ರೌಢಶಾಲೆ ಮತ್ತು ಪಿಯು ಕಾಲೇಜುಗಳ ಶಿಕ್ಷಕರನ್ನು ಕರೆದು ಭೌತ, ರಸಾಯನ, ಜೀವಶಾಸ್ತ್ರ, ಗಣಿತಗಳಲ್ಲಿ ವಸತಿ ತರಬೇತಿ ಕೊಡುತ್ತ ಬಂದಿದೆ. ಅಲ್ಲಿನ ವಿಶೇಷ ಪ್ರಯೋಗಶಾಲೆ. ಓಮ್ ನಿಯಮವನ್ನು ಹತ್ತಾರು ವರ್ಷ ಕರಿಹಲಗೆಯ ಮೇಲಷ್ಟೇ ಸಾಧಿಸಿದವರು ಸ್ವತಃ ತಂತಿ ಜೋಡಿಸಿ, ಅಳತೆ ತೆಗೆದು, ನಕ್ಷೆ ಎಳೆಯುತ್ತಾರೆ. ಅಳತೆ ಕೆಲವೊಮ್ಮೆ ತಪ್ಪುತ್ತದೆ. ಏಕೆ ತಪ್ಪಿತೆಂದು ಹುಡುಕುವುದೇ ವಿಜ್ಞಾನವೆಂದು ಪಠ್ಯಪುಸ್ತಕ ಹೇಳುವುದಕ್ಕೂ, ಕೈಯಲ್ಲಿ ಅಮ್ಮೀಟರು ಹಿಡಿದು ಅರಿಯುವುದಕ್ಕೂ ಬಹಳ ಅಂತರ. ಗಣಿತದಲ್ಲಿ ಇದೇ ಕೆಲಸವನ್ನು ಕಂಪ್ಯೂಟರಿನ ಮೇಲೆ ಮಾಡಿದ್ದು ಜಿಯೋಜೀಬ್ರಾ ಎಂಬ ಉಚಿತ ತಂತ್ರಾಂಶ. ಕಳೆದ ದಶಕದಲ್ಲಿ ಕರ್ನಾಟಕದ ಪ್ರೌಢಶಾಲಾ ಗಣಿತ ಶಿಕ್ಷಕರ ತರಬೇತಿಗಳಿಗೆ ಅದು ಬಂತು. ತ್ರಿಭುಜದ ಮೂಲೆಯೊಂದನ್ನು ಹಿಡಿದು ಹೇಗೆ ಎಳೆದರೂ ಮೂರು ಕೋನಗಳ ಮೊತ್ತ 180 ಡಿಗ್ರಿಯಲ್ಲೇ ನಿಲ್ಲುವುದನ್ನು ಪರದೆಯ ಮೇಲೆ ನೋಡಿದ ಶಿಕ್ಷಕರು ಊಟದ ಗಂಟೆ ಮರೆತರೆ ಅದರಲ್ಲಿ ಆಶ್ಚರ್ಯವಿಲ್ಲ.

ಶಿಕ್ಷಕರೇ ತಮಗೆ ಬೇಕಾದ ವಿಷಯವನ್ನು ಆರಿಸಿಕೊಳ್ಳಲಿ ಎಂಬ ಯೋಚನೆ ರಾಜ್ಯದಲ್ಲಿ ಬರಲೇ ಇಲ್ಲವೆಂದಲ್ಲ. 2017ರ ಸುಮಾರಿಗೆ ಡಿಎಸ್‌ಇಆರ್‌ಟಿ ‘ಗುರುಚೇತನ’ ಎಂಬ ಕಾರ್ಯಕ್ರಮ ತಂದಿತು. ಹಲವು ಮಾಡ್ಯೂಲುಗಳ ಪಟ್ಟಿಯಿಂದ ಶಿಕ್ಷಕರು ಆನ್‌ಲೈನಿನಲ್ಲಿ ತಮ್ಮ ಆಯ್ಕೆ ಸೂಚಿಸಬೇಕು, ಅದಕ್ಕೆ ತಕ್ಕ ತರಬೇತಿ. ಎಲ್ಲರಿಗೂ ಒಂದೇ ಔಷಧ ಎಂಬ ಹಳೆಯ ಕ್ರಮಕ್ಕಿಂತ ಇದು ಸ್ಪಷ್ಟವಾಗಿ ಮೇಲು. ಆಯ್ಕೆ ಮಾಡಿ ಬಂದವರು ಕೇಳುವ ಪ್ರಶ್ನೆಯೂ ಬೇರೆ, ಕೂರುವ ರೀತಿಯೂ ಬೇರೆ.

ಆನ್‌ಲೈನ್ ತರಬೇತಿಯ ಮೇಲೆ ಅಷ್ಟು ಭರವಸೆ ಇಡುವುದು ಕಷ್ಟ. 2019ರ ಆಗಸ್ಟ್‌ನಲ್ಲಿ ಕೇಂದ್ರ ಸರ್ಕಾರ ಸುಮಾರು 42 ಲಕ್ಷ ಪ್ರಾಥಮಿಕ ಹಂತದ ಶಿಕ್ಷಕರನ್ನು ಗುರಿಯಾಗಿಟ್ಟು ‘ನಿಷ್ಠಾ’ ತರಬೇತಿ ಆರಂಭಿಸಿತು. ಮರುವರ್ಷ ಕೋವಿಡ್ ಬಂದು ಅದು ‘ದೀಕ್ಷಾ’ ವೇದಿಕೆಯ ಮೂಲಕ ಮೊಬೈಲಿಗೆ ಹೋಯಿತು. 2020ರ ರಾಷ್ಟ್ರೀಯ ಶಿಕ್ಷಣ ನೀತಿ ಪ್ರತಿ ಶಿಕ್ಷಕರಿಗೂ ವರ್ಷಕ್ಕೆ ಕನಿಷ್ಠ 50 ಗಂಟೆಗಳ ವೃತ್ತಿಪರ ಕಲಿಕೆ ಇರಬೇಕೆಂದಿತು. ಗಂಟೆಗಳನ್ನು ಎಣಿಸಲು ಮೊಬೈಲಿಗಿಂತ ಸುಲಭದ ಸಾಧನವಿಲ್ಲ. ಆದರೆ ವಿಡಿಯೊ ಒಂದು ಕಡೆ ಓಡುತ್ತಿರುವಾಗ ಇನ್ನೊಂದು ಕಡೆ ಬೇಳೆ ಬೇಯುತ್ತಿರುತ್ತದೆ. ಕೊನೆಯ ರಸಪ್ರಶ್ನೆಯ ಉತ್ತರಗಳು ವಾಟ್ಸ್‌ಆ್ಯಪ್ ಗುಂಪಿನಲ್ಲಿ ತಿರುಗುತ್ತಿರುತ್ತವೆ. ಒಳ್ಳೆಯ ವಿಡಿಯೊ ಹಲವಿವೆ, ಅವುಗಳಿಂದ ಕಲಿತವರೂ ಇದ್ದಾರೆ. ಪಕ್ಕದಲ್ಲಿ ಕೂತು ‘ನಿಮ್ಮ ಶಾಲೇಲಿ ಇದನ್ನ ಹೆಂಗ್ ಮಾಡ್ತೀರ ಮೇಡಂ?’ ಎಂದು ಕೇಳುವ ಇನ್ನೊಬ್ಬ ಶಿಕ್ಷಕರ ಜಾಗವನ್ನು ಪರದೆ ತುಂಬಲಾರದು.

ಬೇಸಿಗೆಯ ಏಳು ವಾರ ಪೂರ್ತಿ ಶಿಕ್ಷಕರ ಕೈಯಲ್ಲಿರುತ್ತದೆ ಎಂಬುದೂ ಅರ್ಧ ಸತ್ಯ. 2023ರ ಮೇ 10ರಂದು ವಿಧಾನಸಭಾ ಚುನಾವಣೆ. 2024ರ ಏಪ್ರಿಲ್ 26ರಂದು ಹಾಸನ ಕ್ಷೇತ್ರದಲ್ಲಿ ಲೋಕಸಭೆಗೆ ಮತದಾನ. 2025ರ ಮೇ ತಿಂಗಳಲ್ಲಿ ನ್ಯಾಯಮೂರ್ತಿ ನಾಗಮೋಹನದಾಸ್ ಆಯೋಗದ ಪರಿಶಿಷ್ಟ ಜಾತಿಗಳ ಮನೆಮನೆ ಸಮೀಕ್ಷೆ. ಮೂರೂ ಬೇಸಿಗೆಗಳಲ್ಲಿ ಮತಗಟ್ಟೆಯಲ್ಲೋ ಮನೆಬಾಗಿಲಲ್ಲೋ ನಿಂತವರಲ್ಲಿ ಶಾಲಾ ಶಿಕ್ಷಕರು ದೊಡ್ಡ ಸಂಖ್ಯೆಯಲ್ಲಿದ್ದರು. ಶಿಕ್ಷಣ ಹಕ್ಕು ಕಾಯ್ದೆಯ 27ನೇ ಕಲಂ ಶಿಕ್ಷಕರನ್ನು ಬೋಧನೇತರ ಕೆಲಸಕ್ಕೆ ಹಚ್ಚಬಾರದೆಂದು ಹೇಳಿ, ಜನಗಣತಿ, ವಿಪತ್ತು ಪರಿಹಾರ, ಚುನಾವಣೆಗಳಿಗೆ ವಿನಾಯಿತಿ ಕೊಡುತ್ತದೆ. ಆ ವಿನಾಯಿತಿಗಳಲ್ಲೇ ರಜೆಯ ದೊಡ್ಡ ಪಾಲು ಕಳೆದುಹೋಗುತ್ತದೆ. ಉಳಿದ ದಿನಗಳಲ್ಲಿ ತೋಟವಿದೆ, ಮದುವೆಗಳಿವೆ. ಇದರ ಮೇಲೆ ನಾಳೆಯೇ ಹಾಜರಾಗಿ ಎಂಬ ತರಬೇತಿಯ ಆದೇಶ ಬಂದರೆ ಯಾರಿಗೂ ಕಲಿಯುವ ಮನಸ್ಸು ಬರುವುದಿಲ್ಲ.

ತರಬೇತಿಯ ಫಲ ನಿಲ್ಲುವುದೂ ಸೋರುವುದೂ ಜೂನ್‌ನಲ್ಲಿ. ಅಮೆರಿಕದ ಸಂಶೋಧಕರಾದ ಬ್ರೂಸ್ ಜಾಯ್ಸ್ ಮತ್ತು ಬೆವರ್ಲಿ ಶವರ್ಸ್ 1980ರ ದಶಕದಲ್ಲೇ ಇದನ್ನು ಗುರುತಿಸಿದ್ದರು. ಉಪನ್ಯಾಸ, ಪ್ರಾತ್ಯಕ್ಷಿಕೆ, ಅಭ್ಯಾಸ ಇವಿಷ್ಟೇ ಇದ್ದರೆ ಹೊಸ ವಿಧಾನ ತರಗತಿಗೆ ತಲುಪುವುದು ಕಡಿಮೆ. ಮರಳಿದ ಮೇಲೆ ಸಹಶಿಕ್ಷಕರ ಒತ್ತಾಸೆ ಸಿಕ್ಕರೆ ಮಾತ್ರ ಅದು ಬೇರೂರುತ್ತದೆ ಎಂಬುದು ಅವರ ನಿಲುವು. ಜಪಾನಿನ ಶಾಲೆಗಳಲ್ಲಿ ಇಂಥ ಒತ್ತಾಸೆ ನೂರಕ್ಕೂ ಹೆಚ್ಚು ವರ್ಷದ ರೂಢಿ. ನಾಲ್ಕೈದು ಮಂದಿ ಶಿಕ್ಷಕರು ಕೂಡಿ ಒಂದೇ ಒಂದು ಪಾಠವನ್ನು ವಾರಗಟ್ಟಲೆ ಯೋಜಿಸುತ್ತಾರೆ. ಒಬ್ಬರು ಪಾಠ ಮಾಡುವಾಗ ಉಳಿದವರು ಹಿಂದೆ ನಿಂತು ಶಿಕ್ಷಕರನ್ನಲ್ಲ, ಮಕ್ಕಳನ್ನು ಗಮನಿಸುತ್ತಾರೆ. ಆಮೇಲೆ ಕೂತು ಪಾಠವನ್ನು ತಿದ್ದುತ್ತಾರೆ.

ಕರ್ನಾಟಕದಲ್ಲಿ ಇದಕ್ಕೆ ಬೇಕಾದ ಚೌಕಟ್ಟು ಈಗಾಗಲೇ ಇದೆ: ಸಿಆರ್‌ಸಿಯ ಸಮಾಲೋಚನಾ ಸಭೆ. ಆ ಸಭೆಯಲ್ಲಿ ಪಾಠದ ಮಾತಿಗಿಂತ ಅಂಕಿಅಂಶಗಳ ಮಾತೇ ಹೆಚ್ಚಾಗಿ, ಸಮೂಹ ಸಂಪನ್ಮೂಲ ವ್ಯಕ್ತಿಗಳಾದ ಸಿಆರ್‌ಪಿಗಳು ಮಾಹಿತಿ ಸಂಗ್ರಾಹಕರಾಗಿಬಿಟ್ಟಿದ್ದಾರೆ. ಶಾಲೆ ತೆರೆದ ಮೊದಲ ವಾರಗಳಲ್ಲಿ, ಹಿಂದಿನ ವರ್ಷದ ಕಲಿಕೆಯನ್ನು ನೆನಪಿಸುವ ಸೇತುಬಂಧದ ಹೊತ್ತಿನಲ್ಲಿ, ಬೇಸಿಗೆಯಲ್ಲಿ ತರಬೇತಿಯಾದವರು ಒಬ್ಬರ ಶಾಲೆಗೆ ಇನ್ನೊಬ್ಬರು ಹೋಗಿ ಒಂದು ಪಾಠ ನೋಡಿ ಬರುವಂತಾದರೆ ಅದಕ್ಕೆ ಹೊಸ ಯೋಜನೆ, ಹೊಸ ಲೋಗೋ ಯಾವುದೂ ಬೇಡ. ಒಂದು ದಿನದ ಒಒಡಿ, ಅಂದರೆ ಅನ್ಯ ಕರ್ತವ್ಯದ ಅನುಮತಿ, ಸಾಕು. ಹಾಸನ ಜಿಲ್ಲೆ 2019ರ ಎಸ್‌ಎಸ್‌ಎಲ್‌ಸಿ ಪರೀಕ್ಷೆಯಲ್ಲಿ ಶೇಕಡಾ 89.33 ಫಲಿತಾಂಶ ಪಡೆದು ರಾಜ್ಯಕ್ಕೇ ಮೊದಲು ಬಂದಾಗ ಜಿಲ್ಲೆಯ ಶಿಕ್ಷಕರು ಒಗ್ಗಟ್ಟಾಗಿ ದುಡಿಯಬಲ್ಲರು ಎಂಬುದು ಸಾಬೀತಾಗಿತ್ತು. ಆ ಒಗ್ಗಟ್ಟು ಪರೀಕ್ಷೆಯ ಅಂಕಕ್ಕೆ ಮಾತ್ರ ಮೀಸಲಾಗಬೇಕಿಲ್ಲ.

ಚನ್ನರಾಯಪಟ್ಟಣದ ತರಬೇತಿಗಳಿಗೆ ಇನ್ನೊಂದು ಅವಕಾಶವಿದೆ. ಅದನ್ನು ಬಳಸದೆ ಬಿಟ್ಟಿರುವುದು ನಷ್ಟ. ಇದೇ ತಾಲ್ಲೂಕಿನ ಶ್ರವಣಬೆಳಗೊಳದಲ್ಲಿ ಐನೂರಕ್ಕೂ ಹೆಚ್ಚು ಶಾಸನಗಳಿವೆ. ಅತ್ಯಂತ ಹಳೆಯದು ಸುಮಾರು ಕ್ರಿ.ಶ. 600ರದ್ದು. ಶಾಸನತಜ್ಞ ಬಿ.ಎಲ್. ರೈಸ್ 1889ರಲ್ಲೇ ಇವುಗಳಿಗೆಂದೇ ಒಂದು ಸಂಪುಟ ಹೊರತಂದರು. ಚಾವುಂಡರಾಯ 981ರಲ್ಲಿ ನಿಲ್ಲಿಸಿದ ಸುಮಾರು 58 ಅಡಿಯ ಗೊಮ್ಮಟನ ಪಾದದ ಬಳಿ ಕನ್ನಡ, ತಮಿಳು, ಮರಾಠಿ ಬರಹಗಳು ಒಟ್ಟಿಗಿವೆ. ಸಮಾಜ ವಿಜ್ಞಾನದ ಶಿಕ್ಷಕರು ಪಠ್ಯದಲ್ಲಿ ‘ಆಧಾರಗಳು’ ಎಂದು ಓದಿಸುವ ವಸ್ತು ಇಲ್ಲಿ ಬಂಡೆಯ ಮೇಲೆ ಕೈಗೆ ಸಿಗುತ್ತದೆ. ನುಗ್ಗೇಹಳ್ಳಿಯಲ್ಲಿ 1246ರ ಲಕ್ಷ್ಮೀನರಸಿಂಹ ದೇವಾಲಯವಿದೆ; ಬೈಚೋಜ, ಮಲ್ಲಿತಮ್ಮರಂಥ ಶಿಲ್ಪಿಗಳು ತಾವು ಕೆತ್ತಿದ ಮೂರ್ತಿಗಳ ಕೆಳಗೆ ಹೆಸರು ಬರೆದಿದ್ದಾರೆ. ಭಾಷೆಯವರಿಗೆ ಹಳಗನ್ನಡದ ಲಿಪಿ, ಗಣಿತದವರಿಗೆ ನೆರಳಿನಿಂದ ಎತ್ತರ ಅಳೆಯುವ ಸಮರೂಪ ತ್ರಿಭುಜ, ಕಲೆಯವರಿಗೆ ಶಿಲ್ಪ. ಐದು ದಿನದ ತರಬೇತಿಯಲ್ಲಿ ಒಂದು ದಿನವನ್ನಾದರೂ ಫ್ಯಾನಿನ ಕೆಳಗಿನ ಸಭಾಂಗಣದಿಂದ ಬೆಟ್ಟದ ಮೇಲಕ್ಕೆ ಒಯ್ದರೆ, ಅಲ್ಲಿ ಶಿಕ್ಷಕರು ಸಿದ್ಧಪಡಿಸುವ ಪಾಠ ಬೆಂಗಳೂರಿನ ಯಾವ ಮಾಡ್ಯೂಲಿನಲ್ಲೂ ಸಿಗದ ಪಾಠ.

ಆಗಬೇಕಾದದ್ದು ದೊಡ್ಡದೇನಲ್ಲ. ಮುಂದಿನ ಬೇಸಿಗೆಯ ತರಬೇತಿಗಳ ಪಟ್ಟಿಯನ್ನು ಡಯಟ್ ಮತ್ತು ಬಿಆರ್‌ಸಿಗಳು ಜನವರಿಯಲ್ಲೇ ಪ್ರಕಟಿಸಲಿ. ಅದರಲ್ಲಿ ಆರಿಸಿಕೊಳ್ಳುವ ಹಕ್ಕು ಶಿಕ್ಷಕರಿಗೆ ಇರಲಿ. ಗಳಿಕೆ ರಜೆ ಅವರು ಕೇಳದೆಯೇ ಸೇವಾ ಪುಸ್ತಕಕ್ಕೆ ಏರಲಿ. ಬೆಳಗೊಳಕ್ಕೆ ಒಂದು ಬಸ್ಸು ಗೊತ್ತು ಮಾಡಿ, ಏಪ್ರಿಲ್ ಬಿಸಿಲಾದ್ದರಿಂದ, ಬೆಳಿಗ್ಗೆ ಏಳಕ್ಕೇ ಹೊರಡಿಸಲಿ.